‘ನೋವಾಗುವುದಿಲ್ಲ’ ಎಂಬ ಮಾತು

ಸೂಜಿಗೆ ಹೆದರುವ ಮಗುವಿನ ಮುಂದೆ ನಾವೆಲ್ಲರೂ ಒಮ್ಮೆಯಾದರೂ ಆಡಿರುವ ಮಾತೊಂದಿದೆ: ‘ಏನೂ ಆಗುವುದಿಲ್ಲ, ನೋವೇ ಆಗುವುದಿಲ್ಲ.’ ಈ ಮಾತು ಪ್ರೀತಿಯಿಂದ ಹುಟ್ಟುತ್ತದೆ ಎಂಬುದು ನಿಜ. ಆದರೆ ಪ್ರೀತಿಯಿಂದ ಹುಟ್ಟಿದ ಸುಳ್ಳು ಸುಳ್ಳಲ್ಲವೇ? ಈ ಪ್ರಶ್ನೆಯನ್ನು ಎದುರಿಸುವ ಸಂದರ್ಭವೊಂದು ನನಗೆ ಸೋಸಲೆಯಲ್ಲಿ ಒದಗಿಬಂದಿತು.

ತಿರುಮಕೂಡಲು ನರಸೀಪುರಕ್ಕೆ ಸಮೀಪದಲ್ಲಿ, ಕಾವೇರಿಯ ದಡದಲ್ಲಿರುವ ಆ ಊರಿಗೆ ಪರಿಚಿತರ ಮನೆಯೊಂದನ್ನು ಸಂದರ್ಶಿಸಲು ಹೋಗಿದ್ದೆ. ಎಂಟು ವರ್ಷದ ಹುಡುಗಿಯೊಬ್ಬಳ ಮೀನಖಂಡಕ್ಕೆ ಹಿಂದಿನ ದಿನ ಬೀದಿನಾಯಿ ಕಚ್ಚಿತ್ತು. ಗಾಯಕ್ಕೆ ಅರಿಸಿನ ಮೆತ್ತಿದ್ದರು. ಆಸ್ಪತ್ರೆಗೇಕೆ ಕರೆದೊಯ್ಯಲಿಲ್ಲವೆಂದು ಕೇಳಿದಾಗ ಅಜ್ಜಿ ಕಣ್ಣೊರೆಸಿಕೊಂಡು, ‘ಹೊಕ್ಕಳ ಸುತ್ತ ಹದಿನಾಕು ಸೂಜಿ ಚುಚ್ತರಲ್ಲ ಸ್ವಾಮಿ, ಈ ಕೂಸು ತಡ್ಕಂಡದಾ?’ ಎಂದರು.

ಅಜ್ಜಿಯ ಭಯ ಕಲ್ಪಿತವಾಗಿರಲಿಲ್ಲ. ಡೇವಿಡ್ ಸೆಂಪಲ್ ಎಂಬ ವೈದ್ಯರು ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯನ್ನು ನಮ್ಮ ದೇಶದಲ್ಲಿ ದಶಕಗಳ ಕಾಲ ಹೊಟ್ಟೆಯ ಚರ್ಮದಡಿಗೆ ದಿನಕ್ಕೊಂದರಂತೆ ಹದಿನಾಲ್ಕರವರೆಗೂ ಕೊಡುತ್ತಿದ್ದರು. ಅದರ ತಯಾರಿಕೆ 2004ರ ಅಂತ್ಯಕ್ಕೆ ನಿಂತಿತು. ಇಂದು ಲಸಿಕೆಯನ್ನು ಸಾಮಾನ್ಯವಾಗಿ ತೋಳಿಗೆ ಕೊಡುತ್ತಾರೆ. ತಿಂಗಳೊಳಗೆ ನಾಲ್ಕೈದು ಸಲ ಆಸ್ಪತ್ರೆಗೆ ಹೋದರೆ ಮುಗಿಯಿತು. ಲಸಿಕೆ ಬದಲಾಯಿತು, ಭಯ ಮಾತ್ರ ಹಾಗೆಯೇ ಉಳಿಯಿತು. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡವೆಂದರೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಆದ್ದರಿಂದ ಸೂಜಿಯ ಭಯವನ್ನು ಮಕ್ಕಳಾಟವೆಂದು ನಗುವಂತಿಲ್ಲ. ಅದು ಪ್ರಾಣಕ್ಕೇ ಎರವಾಗಬಲ್ಲದು.

ನನಗೂ ಆ ಹಳೆಯ ಸೂಜಿಯ ಪರಿಚಯವುಂಟು. ಒಂಬತ್ತನೆಯ ವಯಸ್ಸಿನಲ್ಲಿ ನಾಯಿ ಕಚ್ಚಿದಾಗ ಅಪ್ಪ, ‘ಪೇಟೆಗೆ ಹೋಗಿ ಹೊಸ ಚಪ್ಪಲಿ ಕೊಡಿಸುತ್ತೇನೆ, ಬಾ’ ಎಂದು ಕರೆದುಕೊಂಡು ಹೋದರು. ಹೋದದ್ದು ಆಸ್ಪತ್ರೆಗೆ. ಇಬ್ಬರು ನನ್ನನ್ನು ಮೇಜಿನ ಮೇಲೆ ಅದುಮಿ ಹಿಡಿದರು. ‘ನೋವಾಗುವುದಿಲ್ಲ’ ಎಂದರು; ಆಯಿತು. ಮರುದಿನ ಬೆಳಿಗ್ಗೆ ಹುಲ್ಲಿನ ಬಣವೆಯ ಹಿಂದೆ ಅಡಗಿ ಕುಳಿತೆ. ಮಧ್ಯಾಹ್ನದವರೆಗೂ ಮನೆಮಂದಿಯೆಲ್ಲ ಹುಡುಕಿದರು. ಅಪ್ಪ ಚಪ್ಪಲಿಯನ್ನೂ ಕೊಡಿಸಿದ್ದರು. ಅದನ್ನು ಮೆಟ್ಟಲು ನನಗೆ ಮನಸ್ಸೇ ಬರಲಿಲ್ಲ. ಅಪ್ಪನನ್ನು ನಾನು ದೂರುವುದಿಲ್ಲ. ಮಗನನ್ನು ಉಳಿಸಿಕೊಳ್ಳಲು ಅವರಿಗೆ ತಿಳಿದಿದ್ದ ದಾರಿ ಅದೊಂದೇ. ಆದರೆ ಹದಿನಾಲ್ಕು ಸೂಜಿಗಳ ನೋವು ಇಂದು ನೆನಪಿನಲ್ಲಿಲ್ಲ. ಆ ಒಂದು ಮಾತು ಇನ್ನೂ ಇದೆ.

ಸಂತ ಅಗಸ್ಟೀನರು ಸುಮಾರು 420ರಲ್ಲಿ ಸುಳ್ಳಿನ ವಿರುದ್ಧ ಬರೆದ ಕೃತಿಯಲ್ಲಿ ಒಂದು ಕಠಿಣ ಸನ್ನಿವೇಶವನ್ನು ಚರ್ಚಿಸುತ್ತಾರೆ. ಮರಣಾಂತಿಕ ಕಾಯಿಲೆಯಿಂದ ಮಲಗಿರುವ ತಂದೆಯೊಬ್ಬನು ತನ್ನ ಮಗನು ಬದುಕಿದ್ದಾನೆಯೇ ಎಂದು ಕೇಳುತ್ತಾನೆ. ಮಗ ತೀರಿಕೊಂಡಿದ್ದಾನೆ, ಸುದ್ದಿ ತಿಳಿದರೆ ತಂದೆಯೂ ಉಳಿಯಲಾರನು. ಇಲ್ಲಿ ತಮ್ಮ ಹೃದಯವೂ ಅಲುಗಾಡುತ್ತದೆಂದು ಆ ಸಂತರು ಮರೆಮಾಚದೆ ಒಪ್ಪಿಕೊಳ್ಳುತ್ತಾರೆ. ಆದರೂ ಸುಳ್ಳಿಗೆ ಅನುಮತಿ ಕೊಡುವುದಿಲ್ಲ. ಈ ನಿಲುವು ನಿರ್ದಯವೆಂದು ಸೆಮಿನರಿಯ ದಿನಗಳಲ್ಲಿ ನನಗೆ ತೋರಿತ್ತು. ಅಗಸ್ಟೀನರ ತೂಕಡಿಯಲ್ಲಿ ಸತ್ಯದ ಎದುರಿಗೆ ಒಂದು ಪ್ರಾಣವೇ ಇತ್ತು. ಸೂಜಿಯ ವಿಷಯದಲ್ಲಾದರೋ ಸತ್ಯ ಮತ್ತು ಪ್ರಾಣ ಒಂದೇ ತಟ್ಟೆಯಲ್ಲಿವೆ. ಏಕೆಂದರೆ ಮೋಸಹೋದ ಮಗು ಎರಡನೆಯ ದಿನ ಬಣವೆಯ ಹಿಂದೆ ಅಡಗುತ್ತದೆ. ಬೆಳೆದ ಮೇಲೆಯೂ ಆಸ್ಪತ್ರೆಯ ಬಾಗಿಲಿನಿಂದ ದೂರ ಉಳಿಯಬಹುದು.

ಹಾಗಾದರೆ ಸತ್ಯವನ್ನು ಒರಟಾಗಿ ಎಸೆದುಬಿಡಬೇಕೆ? ಇಲ್ಲ. ಸತ್ಯ ಹೇಳುವವನು ನೋವನ್ನು ಕಡಿಮೆ ಮಾಡುವ ಹೊಣೆಯನ್ನೂ ಹೊರಬೇಕು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಗಳು ಇದನ್ನೇ ಬೋಧಿಸುತ್ತವೆ. ಹಸುಳೆಗೆ ಲಸಿಕೆ ಹಾಕುವಾಗ ತಾಯಿ ಸಾಧ್ಯವಾದರೆ ಎದೆಹಾಲು ಕುಡಿಸುತ್ತಿರಲಿ. ಚಿಕ್ಕ ಮಗುವನ್ನು ಮಲಗಿಸಿ ಅದುಮದೆ ಹೆತ್ತವರು ಅಪ್ಪಿ ಹಿಡಿಯಲಿ. ದೊಡ್ಡ ಮಗು ನೆಟ್ಟಗೆ ಕುಳಿತಿರಲಿ. ಎರಡು ಮೂರು ಲಸಿಕೆಗಳಿದ್ದರೆ ಹೆಚ್ಚು ನೋಯಿಸುವುದು ಕೊನೆಗಿರಲಿ. ಚುಚ್ಚುವವರು ‘ನೋವಾಗುವುದಿಲ್ಲ’ ಎಂಬ ಹುಸಿ ಭರವಸೆಯನ್ನಾಗಲಿ, ಭಯ ಹುಟ್ಟಿಸುವ ಮಾತನ್ನಾಗಲಿ ಆಡದಿರಲಿ. ಸೂಜಿ ಕಂಡೊಡನೆ ತಲೆಸುತ್ತಿ ಬೀಳುವ ಹಿರಿಯರೂ ಇದ್ದಾರೆ. ಅದು ಹೇಡಿತನವಲ್ಲ, ರಕ್ತದೊತ್ತಡ ಹಠಾತ್ತನೆ ಇಳಿಯುವುದರ ಫಲ. ಅಂಥವರು ಮುಂಚಿತವಾಗಿ ದಾದಿಯರಿಗೆ ತಿಳಿಸಿ ಮಲಗಿಕೊಳ್ಳಬಹುದು. ಕಾಲು, ಹೊಟ್ಟೆಯ ಸ್ನಾಯುಗಳನ್ನು ಕೆಲವು ಕ್ಷಣ ಬಿಗಿಹಿಡಿದು ಸಡಿಲಿಸುತ್ತಿದ್ದರೆ ಒತ್ತಡ ಕುಸಿಯದು. ಚುಚ್ಚುವ ತೋಳು ಮಾತ್ರ ಸಡಿಲವಾಗಿರಲಿ.

ನಮ್ಮ ಮೈಸೂರಿನ ಚರಿತ್ರೆಯೂ ಒಂದು ಪಾಠವನ್ನು ಕಲಿಸುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ವಯಸ್ಸಿನ ರಾಣಿ ದೇವಾಜಮ್ಮಣ್ಣಿಯವರು 1806ರಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡರು. ಅದನ್ನು ಕಂಡು ಜನರು ಮುಂದೆ ಬಂದರೆಂದು ಅಂದಿನ ದಾಖಲೆ ಹೇಳುತ್ತದೆ. ಭಯವಿದ್ದವರ ಮುಂದೆ ಭಯಕ್ಕೆ ಕಾರಣವಿಲ್ಲವೆಂದು ವಾದಿಸುವುದಕ್ಕಿಂತ, ತನ್ನ ತೋಳನ್ನೇ ಮೊದಲು ಚಾಚುವುದು ಹೆಚ್ಚು ಫಲಕಾರಿ. ಗೆತ್ಸೆಮನಿ ತೋಪಿನಲ್ಲಿ ನಮ್ಮ ಪ್ರಭು ತಮ್ಮ ಕಳವಳವನ್ನು ಶಿಷ್ಯರಿಂದ ಬಚ್ಚಿಡಲಿಲ್ಲ; ತಮ್ಮೊಡನೆ ಎಚ್ಚರವಾಗಿರಿ ಎಂದಷ್ಟೇ ಬೇಡಿಕೊಂಡರು. ಹೆದರಿದವನಿಗೆ ಮೊದಲು ಬೇಕಾದದ್ದು ಜೊತೆಗಿರುವ ಒಂದು ಜೀವ.

ಸೋಸಲೆಯ ಆ ಹುಡುಗಿಯ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಸಿ, ಆಸ್ಪತ್ರೆಗೆ ಹೊರಡಿಸಿದೆವು. ದಾರಿಯಲ್ಲಿ ಅವಳು, ‘ಫಾದರ್, ನೋವಾಗ್ತದಾ?’ ಎಂದು ಕೇಳಿದಳು. ಗಾಯ ಆಳವಾಗಿತ್ತು, ತೋಳಿಗಲ್ಲದೆ ಗಾಯದ ಸುತ್ತಲೂ ಔಷಧಿ ಚುಚ್ಚಬೇಕಾಗಬಹುದೆಂದು ನಾನು ಬಲ್ಲೆ. ಅಪ್ಪನ ಮಾತೇ ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು ಹೇಳಿದೆ: ‘ಆಗುತ್ತದೆ ಮಗಳೇ. ಕಾಲಿಗೆ ಚುಚ್ಚಿದರೆ ಹೆಚ್ಚು, ತೋಳಿಗೆ ಕಡಿಮೆ. ಹೊಟ್ಟೆಗೆ ಚುಚ್ಚುವುದಿಲ್ಲ. ಅಜ್ಜಿ ನಿನ್ನನ್ನು ಹಿಡಿದುಕೊಂಡಿರುತ್ತಾರೆ, ನಾನೂ ಅಲ್ಲೇ ಇರುತ್ತೇನೆ.’ ಅವಳು ಅತ್ತಳು. ಗಾಯದ ಸುತ್ತ ಚುಚ್ಚಿದಾಗ ಜೋರಾಗಿಯೇ ಅತ್ತಳು. ಆದರೆ ಮುಂದಿನ ಸೂಜಿಯ ದಿನ ಅವಳು ಎಲ್ಲಿಯೂ ಅಡಗಲಿಲ್ಲವೆಂದು ಅಜ್ಜಿ ತಿಳಿಸಿದರು.

ಪ್ರಿಯ ವಾಚಕರೇ, ‘ಗಲಾಟೆ ಮಾಡಿದರೆ ಸೂಜಿ ಚುಚ್ಚಿಸುತ್ತೇನೆ’ ಎಂದು ಮಕ್ಕಳನ್ನು ಹೆದರಿಸುವ ಅಭ್ಯಾಸವನ್ನು ಇಂದೇ ಬಿಡೋಣ. ಕಾಪಾಡುವ ಸೂಜಿಯನ್ನು ಶಿಕ್ಷೆಯನ್ನಾಗಿ ಮಾಡದಿರೋಣ. ನೋವನ್ನು ಪೂರ್ಣವಾಗಿ ಅಳಿಸುವ ಶಕ್ತಿ ನಮಗಿಲ್ಲ. ಆದರೆ ಅದನ್ನು ಸತ್ಯವಾಗಿ ತಿಳಿಸಿ, ಆದಷ್ಟು ತಗ್ಗಿಸಿ, ಮುಗಿಯುವ ತನಕ ಕೈಹಿಡಿದು ನಿಲ್ಲುವ ಶಕ್ತಿ ಪ್ರತಿಯೊಬ್ಬ ತಂದೆತಾಯಿಗೂ ಇದೆ.