ಆಯುಧದ ಹಕ್ಕು, ಸಂಘದ ಲೆಕ್ಕ

ಸಪ್ತಾಪುರದಲ್ಲಿ ಕುಳಿತವರಿಗೆ ಬಂದೂಕಿನ ಮಾತೇಕೆಂದು ವಾಚಕರು ಕೇಳಬಹುದು. 1857ರ ನಿಃಶಸ್ತ್ರೀಕರಣ ಕಾಯ್ದೆಗೆ ಮಣಿಯದೆ ಹಲಗಲಿಯ ಬೇಡರು ಪ್ರಾಣ ತೆತ್ತುದು ನಮ್ಮ ಸೀಮೆಯಲ್ಲಿಯೇ. ಅವರ ಹೆಸರಿನಲ್ಲಿ ವರ್ಗಣಿ ಎತ್ತುವ ಸಂಘವಾವುದೂ ಅಂದು ಇರಲಿಲ್ಲ. ಇಂದು ಅಂತಹ ಹಕ್ಕನ್ನು ಕಾಯುವೆವೆಂದು ಹಣ ಬೇಡುವ ಸಂಘಗಳುಂಟು. ಅವನ್ನು ನಂಬಬಹುದೆ?

ಅಮೇರಿಕೆಯಲ್ಲಿ 1871ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಘವನ್ನೇ ನೋಡಿರಿ. ಅದನ್ನು ಮೂವತ್ತು ವರ್ಷಗಳಿಗೂ ಮಿಕ್ಕಿ ನಡೆಸಿದ ವೇಯ್ನ್ ಲಾಪಿಯರ್ ಅವರು ಸಂಘದ ಹಣವನ್ನು ದುರುಪಯೋಗಪಡಿಸಿ 54 ಲಕ್ಷ ಡಾಲರುಗಳ ಹಾನಿ ಮಾಡಿದರೆಂದು 2024ರಲ್ಲಿ ನ್ಯೂಯಾರ್ಕಿನ ಪಂಚರು ನಿರ್ಣಯಿಸಿದರು. ಇದು ಇಷ್ಟು ಕಾಲ ನಡೆದುದು ಹೇಗೆ? ನಿಮ್ಮ ಬಂದೂಕನ್ನು ಕಸಿದುಕೊಳ್ಳುವರೆಂಬ ಭೀತಿಯೇ ಅಲ್ಲಿಯ ಬಂಡವಾಳ. ಭೀತನಾದವನು ಹಣ ಕೊಡುತ್ತಾನೆ, ಲೆಕ್ಕ ಕೇಳುವುದಿಲ್ಲ. ವಕೀಲರಿಗೆ ಸುರಿದ ಹಣವನ್ನು ಪ್ರಶ್ನಿಸಿದ ಅಧ್ಯಕ್ಷ ಆಲಿವರ್ ನಾರ್ತ್ ಅವರೇ 2019ರಲ್ಲಿ ಹೊರನಡೆಯಬೇಕಾಯಿತು. ಸಾಮಾನ್ಯ ಸದಸ್ಯನ ಪಾಡೇನು?

ಕೊಡವರ ಬಂದೂಕಿನ ವಿನಾಯಿತಿಯನ್ನು ನಮ್ಮ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಹಕ್ಕು ಹೀಗೆ ನ್ಯಾಯವಾದುದೇ ಇರಬಹುದು. ಆದರೆ ಹಕ್ಕಿನ ನ್ಯಾಯವು ಕಾರ್ಯದರ್ಶಿಯ ಕೈಚೀಲಕ್ಕೆ ಪ್ರಮಾಣಪತ್ರವಲ್ಲ. ಮಠಮಾನ್ಯಗಳೂ ಈ ಮಾತಿಗೆ ಹೊರತಲ್ಲವೆಂದು ಇಲ್ಲಿಯೇ ಹೇಳಿಬಿಡುವುದು ಲೇಸು. ಜಮಾಖರ್ಚನ್ನು ಸದಸ್ಯನ ಮುಂದಿಡುವವರೆಗೆ ಅಂತಹ ಸಂಘಕ್ಕೆ ಹಣ ಕೊಡಬೇಡಿರಿ.