ಸಾವಿರ ವರ್ಷಕ್ಕೆ ಪ್ರಮಾಣವೇನು?

ಶಾಂತಸಾಗರದ ನಡುವೆ, ಹವಾಯಿ ದ್ವೀಪಸಮೂಹಕ್ಕೆ ಸೇರಿದ ಕವಾಯಿಯಲ್ಲಿ, ವೈಲುವಾ ನದಿಯ ಬಳಿ, ಚೋಳಶೈಲಿಯ ಗ್ರಾನೈಟ್ ಕಲ್ಲಿನ ಶಿವಾಲಯವೊಂದಿದೆ. ಇರೈವನ್ ದೇವಾಲಯವೆಂದು ಅದರ ಹೆಸರು. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ ಶೈವಸಿದ್ಧಾಂತಕ್ಕೆ ಶರಣಾಗಿ ಸಂನ್ಯಾಸ ಸ್ವೀಕರಿಸಿದ ಶಿವಾಯ ಸುಬ್ರಮುನಿಯಸ್ವಾಮಿಗಳು ಅದನ್ನು ಸಂಕಲ್ಪಿಸಿದರು. ಗಣಪತಿ ಸ್ಥಪತಿಗಳು ಅದರ ವಿನ್ಯಾಸ ಮಾಡಿದರು. ಅದರ ಕಲ್ಲುಗಳೆಲ್ಲ 1990ರಿಂದ ಮೊದಲ್ಗೊಂಡು ನಮ್ಮ ಬೆಂಗಳೂರಿನ ಹೊರವಲಯದಲ್ಲಿ ಶಿಲ್ಪಿಗಳ ಉಳಿ ಸುತ್ತಿಗೆಗಳಿಂದ ರೂಪುಗೊಂಡು, ಹಡಗನ್ನೇರಿ ಸಮುದ್ರ ದಾಟಿ ಹೋದುವು. ಈ ಆಲಯ ಸಾವಿರ ವರ್ಷ ನಿಲ್ಲತಕ್ಕದ್ದೆಂಬುದು ಸ್ವಾಮಿಗಳ ಇಚ್ಛೆಯಾಗಿತ್ತು. ಕಲ್ಲಿನ ವಿಷಯದಲ್ಲಿ ಆ ಮಾತು ಯಾರನ್ನೂ ಬೆಚ್ಚಿಸುವುದಿಲ್ಲ. ತಂಜಾವೂರಿನ ಬೃಹದೀಶ್ವರನು ಕಣ್ಣೆದುರಿಗೇ ಇದ್ದಾನೆ. ಆದರೆ ಕವಾಯಿಯ ಆಲಯದ ಅಡಿಪಾಯ ಕಲ್ಲಿನದಲ್ಲ, ಕಾಂಕ್ರೀಟಿನದು. ಮತ್ತು ನಾವು ಇಂದು ಬಳಸುವ ಸಿಮೆಂಟಿಗೆ, ಅಂದರೆ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟಿನ ಸಂತತಿಗೆ, ಸುಮಾರು ಇನ್ನೂರು ವರ್ಷದ ಚರಿತ್ರೆಯಷ್ಟೇ ಇದೆ. ಇನ್ನೂರು ವರ್ಷದ ವಸ್ತುವು ಸಾವಿರ ವರ್ಷ ಬಾಳುವುದೆಂದು ಹೇಳುವವನು ಯಾವ ಪ್ರಮಾಣದ ಬಲದಿಂದ ಹೇಳುತ್ತಾನೆ?

ದೇವರಿಗೆ ಸಾವಿರ ವರ್ಷದ ಮನೆ ಬೇಕೇ ಎಂಬುದು ಬೇರೆ ಪ್ರಶ್ನೆ. ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ಉತ್ತರ ಕೊಟ್ಟು ಮುಗಿಸಿರುವರಾದ್ದರಿಂದ ಇಲ್ಲಿ ಅದನ್ನು ಎತ್ತುವುದಿಲ್ಲ. ನನ್ನ ಜಿಜ್ಞಾಸೆ ತರ್ಕದ್ದು.

ಪ್ರತ್ಯಕ್ಷವು ಇಲ್ಲಿ ಸಲ್ಲದೆಂಬುದು ಸ್ಪಷ್ಟ. ಉಳಿಯುವುದು ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು. ಆದರೆ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯವನ್ನು ಓದಿದವರಿಗೆ ಪ್ರತ್ಯಕ್ಷವೊಂದನ್ನೇ ಒಪ್ಪುವ ಚಾರ್ವಾಕನ ಆಕ್ಷೇಪ ನೆನಪಿರಬಹುದು: ಅನುಮಾನಕ್ಕೆ ವ್ಯಾಪ್ತಿಜ್ಞಾನ, ಅಂದರೆ ಒಂದಿದ್ದೆಡೆಯೆಲ್ಲ ಇನ್ನೊಂದು ಇದ್ದೇ ಇರುವುದೆಂಬ ನಿಯಮದ ಅರಿವು, ಬೇಕು, ವ್ಯಾಪ್ತಿಯಾದರೋ ಭೂತ ಭವಿಷ್ಯತ್ತುಗಳಿಗೆಲ್ಲ ಅನ್ವಯಿಸತಕ್ಕದ್ದು, ಇಂದಿನ ಕಣ್ಣಿಗೆ ಅದು ಗೋಚರಿಸುವ ಬಗೆ ಹೇಗೆ? ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಈ ಆಕ್ಷೇಪಕ್ಕೆ ಹೆದರಿ ಓಡಲಿಲ್ಲ. ವ್ಯಾಪ್ತಿಯಲ್ಲಿ ಉಪಾಧಿ, ಅಂದರೆ ಹೇಳದೆ ಬಿಟ್ಟ ಷರತ್ತು, ಅಡಗಿದೆಯೇ ಎಂದು ಹುಡುಕುವುದೇ ಪರಿಹಾರವೆಂದರು. ಬೆಂಕಿಯಿದ್ದೆಡೆಯೆಲ್ಲ ಹೊಗೆಯಿರುವುದೆಂಬ ಮಾತು ಹಸಿ ಸೌದೆಯ ಸಂಯೋಗವೆಂಬ ಉಪಾಧಿಯನ್ನು ಒಳಗೆ ಬಚ್ಚಿಟ್ಟುಕೊಂಡಿದೆ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಈ ಸೂಕ್ಷ್ಮವನ್ನು ನಾನು ಬಹುಕಾಲ ಪಂಡಿತರ ಚಮತ್ಕಾರವೆಂದೇ ಭಾವಿಸಿದ್ದೆ. ಕಾಂಕ್ರೀಟಿನ ಸಂಶೋಧನೆಯ ಚರಿತ್ರೆಯಲ್ಲಿ ಅದು ಪದೇ ಪದೇ ಎದುರಾಗುತ್ತದೆ.

1910ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಾರ್ಟನ್ ವಿಥಿ ಎಂಬ ಅಧ್ಯಾಪಕರು ಕಾಂಕ್ರೀಟಿನ ಸಿಲಿಂಡರುಗಳನ್ನು ಎರಕ ಹೊಯ್ದು, ಕೆಲವನ್ನು ಬಿಸಿಲು ಮಳೆ ಹಿಮಗಳಿಗೆ ಒಡ್ಡಿ, ದಶಕ ದಶಕಗಳ ಅಂತರದಲ್ಲಿ ಒಂದಷ್ಟನ್ನು ಒಡೆದು ಬಲವನ್ನು ಅಳೆಯುವ ಏರ್ಪಾಡು ಮಾಡಿದರು. 1923ರಲ್ಲಿ ಎರಡನೆಯ ತಂಡವೂ 1937ರಲ್ಲಿ ಮೂರನೆಯ ತಂಡವೂ ಸೇರಿದುವು. ಮೊದಲ ತಂಡದ ಐವತ್ತು ವರ್ಷದ ಫಲಿತಾಂಶವು ವಿಥಿಯವರ ಹೆಸರಿನಲ್ಲೇ 1961ರಲ್ಲಿ ಪ್ರಕಟವಾಯಿತು. ಮುಂದಿನ ತಂಡಗಳದನ್ನು ಜಾರ್ಜ್ ವಾಷಾ ಮೊದಲಾದ ಅನಂತರದವರು ಒಡೆದು ಬರೆದರು. ತಾನು ನೋಡಲಾರದ ಫಲಕ್ಕಾಗಿ ಒಬ್ಬನು ಅಚ್ಚುಕಟ್ಟಾಗಿ ಕಡತವಿಟ್ಟು ಹೋಗುವುದನ್ನು ಗೀತೆಯ ಪಾಠ ಹೇಳುವವರು ಉದಾಹರಣೆಯಾಗಿ ಬಳಸಿಕೊಳ್ಳಬಹುದಾಗಿತ್ತು. ಅವರ ಗಮನ ಆ ಕಡೆ ಹೋದಂತಿಲ್ಲ.

ಫಲಿತಾಂಶ ಏನೆಂದರೆ, ಹೊರಗೆ ಇರಿಸಿದ್ದ 1910ರ ಕಾಂಕ್ರೀಟು ಐವತ್ತು ವರ್ಷವೂ ಬಲವನ್ನು ಹೆಚ್ಚಿಸಿಕೊಳ್ಳುತ್ತಲೇ ಬಂದಿತು. ವಯಸ್ಸಾದಷ್ಟೂ ಕಾಂಕ್ರೀಟು ಗಟ್ಟಿಯಾಗುತ್ತದೆ ಎಂಬ ವ್ಯಾಪ್ತಿ ಇದರಿಂದ ಸಿದ್ಧವಾದಂತೆ ತೋರುತ್ತದೆ. ಆದರೆ 1937ರ ಸಿಲಿಂಡರುಗಳು ಹತ್ತರಿಂದ ಇಪ್ಪತ್ತೈದು ವರ್ಷದೊಳಗೆ ಬಲದ ತುದಿ ಮುಟ್ಟಿ, ಆಮೇಲೆ ಏರದೆ ಸ್ವಲ್ಪ ಇಳಿದುವು ಕೂಡ. ಈ ಭೇದ ಬಂದುದೆಲ್ಲಿಂದ? ಸಿಮೆಂಟಿನಿಂದ. ಮೊದಲಿನ ಸಿಮೆಂಟನ್ನು ದಪ್ಪಗೆ ಬೀಸಿದ್ದರು, ಅದರಲ್ಲಿ ನೀರಿನೊಡನೆ ನಿಧಾನವಾಗಿ ಬೆರೆಯುವ ಡೈಕ್ಯಾಲ್ಸಿಯಂ ಸಿಲಿಕೇಟು ಹೆಚ್ಚಾಗಿತ್ತು. ತರುವಾಯದ್ದನ್ನು ನುಣ್ಣಗೆ ಬೀಸಿ, ಬೇಗ ಬಿಗಿಯುವ ಟ್ರೈಕ್ಯಾಲ್ಸಿಯಂ ಸಿಲಿಕೇಟನ್ನು ಹೆಚ್ಚಿಸಿದ್ದರು, ಏಕೆಂದರೆ ಗುತ್ತಿಗೆದಾರನಿಗೆ ಬೇಗ ಅಚ್ಚು ಬಿಚ್ಚಬೇಕಾಗಿತ್ತು. ಹೀಗೆ ಆ ವ್ಯಾಪ್ತಿಯೊಳಗೆ ಬೀಸುಕಲ್ಲಿನ ಸಂಯೋಗವೆಂಬ ಉಪಾಧಿ ಅಡಗಿತ್ತು. ನೈಯಾಯಿಕನು ಕೇಳಿದ್ದರೆ ಸಂತೋಷಪಡುತ್ತಿದ್ದನು. ಇಂದು ಜಗತ್ತೆಲ್ಲ ಕಾಂಕ್ರೀಟಿನ ಯೋಗ್ಯತೆಯನ್ನು ಇಪ್ಪತ್ತೆಂಟನೆಯ ದಿನದ ಬಲದಿಂದ ತೀರ್ಮಾನಿಸುತ್ತದೆ. ಆ ದಿನದ ಅಂಕಿಯು ಐವತ್ತನೆಯ ವರ್ಷದ ಅಂಕಿಗೆ ಸಾಕ್ಷಿಯಾಗಲಾರದೆಂದು ವಿಥಿಯವರ ಸಿಲಿಂಡರುಗಳು ಅರವತ್ತು ವರ್ಷದಿಂದ ಹೇಳುತ್ತಿದ್ದರೂ.

ಇದಕ್ಕೆ ಪ್ರತಿಯಾಗಿ ರೋಮನ್ನರ ದೃಷ್ಟಾಂತವನ್ನು ಮುಂದೊಡ್ಡುವವರಿದ್ದಾರೆ. ಹೇಡ್ರಿಯನ್ ಚಕ್ರವರ್ತಿಯ ಕಾಲದ ಪ್ಯಾಂಥಿಯನ್ನಿನ ಗುಮ್ಮಟವು 43 ಮೀಟರಿಗೂ ಮಿಕ್ಕ ಹರವಿನದಾಗಿ, ಒಂದು ಕಬ್ಬಿಣದ ಸರಳೂ ಇಲ್ಲದೆ, ಹತ್ತೊಂಬತ್ತು ಶತಮಾನಗಳಿಂದ ನಿಂತಿರುವುದು ನಿಜವೇ. ಆದರೆ ಬಿದ್ದುಹೋದ ಕಟ್ಟಡಗಳು ಸಾಕ್ಷಿ ಹೇಳಲು ಬರುವುದಿಲ್ಲ. ನಿಂತವನ್ನು ಮಾತ್ರ ಎಣಿಸಿ ವ್ಯಾಪ್ತಿಯನ್ನು ಕಟ್ಟುವುದು ಶುದ್ಧ ತರ್ಕವಲ್ಲ. ಅಲ್ಲದೆ ಆ ದೀರ್ಘಾಯುಸ್ಸಿಗೆ ಕಾರಣವೇನೆಂಬುದರಲ್ಲಿಯೇ ಅಭಿಪ್ರಾಯ ಬದಲಾಗುತ್ತಿದೆ. ಪೊಜ್ಜುವೋಲಿಯ ಜ್ವಾಲಾಮುಖಿಯ ಬೂದಿಯೇ ಕಾರಣವೆಂದು ವಿದ್ವಾಂಸರು ಬಹುಕಾಲ ಹೇಳಿದರು. ಗಾರೆಯಲ್ಲಿ ಅಲ್ಲಲ್ಲಿ ಕಾಣುವ ಬಿಳಿಯ ಸುಣ್ಣದ ಹರಳುಗಳನ್ನು ಸರಿಯಾಗಿ ಕಲಸದ ಕೆಲಸಗಾರರ ಅಲಕ್ಷ್ಯವೆಂದೆಣಿಸಿದರು. 2023ರಲ್ಲಿ ಎಂ.ಐ.ಟಿ.ಯ ಅದ್ಮಿರ್ ಮಾಸಿಕ್ ಮತ್ತು ಸಂಗಡಿಗರು, ಸುಡುಸುಣ್ಣವನ್ನು ಬಿಸಿಯಾಗಿಯೇ ಬೆರೆಸಿದುದರಿಂದ ಆ ಹರಳುಗಳು ಉಂಟಾಗಿವೆಯೆಂದೂ, ಬಿರುಕು ಬಿಟ್ಟು ನೀರು ನುಗ್ಗಿದಾಗ ಅವು ಕರಗಿ ಮತ್ತೆ ಗಟ್ಟಿಯಾಗಿ ಬಿರುಕನ್ನು ಮುಚ್ಚುವುವೆಂದೂ ಪ್ರತಿಪಾದಿಸಿ, ತಾವೇ ಎರೆದ ತುಂಡುಗಳಲ್ಲಿ ಎರಡು ವಾರದೊಳಗೆ ನೀರಿನ ಹರಿವು ನಿಂತುದನ್ನು ತೋರಿಸಿದರು. ದೋಷವೆಂದು ಹೆಸರಿಟ್ಟುದೇ ಗುಣವಾಯಿತು.

ಹಾಗಾದರೆ ಕವಾಯಿಯ ಅಡಿಪಾಯ? ಅದನ್ನು ಯೋಜಿಸಿದವರು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಭಾರತೀಯ ಮೂಲದವರೂ ಆದ ಪಿ. ಕುಮಾರ್ ಮೆಹ್ತಾ, ಎರೆದದ್ದು 1999ರಲ್ಲಿ. ಅವರ ಯುಕ್ತಿಯನ್ನು ನಾನು ಮೆಚ್ಚುವುದು ಅದರಲ್ಲಿ ಸೇರಿಸಿದ್ದಕ್ಕಿಂತ ಬಿಟ್ಟದ್ದಕ್ಕಾಗಿ. ಕಬ್ಬಿಣದ ಸರಳನ್ನು ಬಿಟ್ಟರು. ಕಾಂಕ್ರೀಟಿನ ಕ್ಷಾರಗುಣ ಇರುವವರೆಗೆ ಉಕ್ಕು ಕ್ಷೇಮವಾಗಿರುತ್ತದೆ. ಗಾಳಿಯ ಇಂಗಾಲಾಮ್ಲವು ಮೆಲ್ಲಮೆಲ್ಲನೆ ಒಳಹೊಕ್ಕು ಆ ಕ್ಷಾರವನ್ನು ಕಳೆದಾಗ ತುಕ್ಕು ಹಿಡಿದು ಉಬ್ಬಿ, ತನ್ನನ್ನು ಕಾಪಾಡಿದ ಕವಚವನ್ನೇ ಸೀಳುತ್ತದೆ. ಅಡಿಪಾಯವು ನೆಲದ ಮೇಲೆ ಕುಳಿತು ಭಾರ ಹೊರತಕ್ಕದ್ದಾದ್ದರಿಂದ ಅದಕ್ಕೆ ಉಕ್ಕಿನ ಹಂಗು ಬೇಕಿರಲಿಲ್ಲ. ಎರಡನೆಯದಾಗಿ ಅವಸರವನ್ನು ಬಿಟ್ಟರು. ಸಿಮೆಂಟಿನ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆಗೆದು ಅದರ ಸ್ಥಾನದಲ್ಲಿ ಕಲ್ಲಿದ್ದಲ ಸ್ಥಾವರಗಳ ಹಾರುಬೂದಿಯನ್ನು ಬೆರೆಸಿ, ಬಲವನ್ನು ಇಪ್ಪತ್ತೆಂಟನೆಯ ದಿನಕ್ಕಲ್ಲದೆ ತೊಂಬತ್ತನೆಯ ದಿನಕ್ಕೆ ನಿಗದಿ ಮಾಡಿದರು. ಇದರಿಂದ ಒಳಗಿನ ಕಾವು ತಗ್ಗಿತು, ಕಾವು ತಗ್ಗಿದ್ದರಿಂದ ಬಿರುಕಿನ ಭಯ ತಗ್ಗಿತು, ಸಿಮೆಂಟು ಬಿಟ್ಟುಕೊಡುವ ಸುಣ್ಣವನ್ನು ಬೂದಿಯು ವರ್ಷಗಟ್ಟಲೆ ನಿಧಾನವಾಗಿ ಹೀರಿಕೊಂಡು ಬಂಧವನ್ನು ಬಲಪಡಿಸುತ್ತದೆ. ಸಾವಿರ ವರ್ಷ ನಿಲ್ಲುವುದೆಂಬ ಅನುಮಾನಕ್ಕೆ ಅಡ್ಡಬರುವ ಕಾರಣಗಳನ್ನು ಗುರುತಿಸಿ ಒಂದೊಂದಾಗಿ ತೆಗೆದುಹಾಕಿದರು. ಇದು ಪ್ರಮಾಣವಲ್ಲವಾದರೂ ಪ್ರಮಾಣದ ಮಾರ್ಗ.

ಕಾಯುವ ಈ ವೈಭವ ಎಲ್ಲರಿಗೂ ಇಲ್ಲ. ಜಗತ್ತು ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟನ್ನು ತಯಾರಿಸುತ್ತಿದ್ದು, ಮನುಷ್ಯನು ಗಾಳಿಗೆ ಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಅಲ್ಲಿಂದಲೇ ಬರುತ್ತದೆ. ಆದಕಾರಣ ಸುಟ್ಟ ಜೇಡಿಮಣ್ಣನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸಿ, ಗೂಡಿನಲ್ಲಿ ಸುಟ್ಟು ತೆಗೆಯುವ ಕ್ಲಿಂಕರೆಂಬ ಮೂಲದ್ರವ್ಯವನ್ನು ಅರ್ಧಕ್ಕೆ ಇಳಿಸಿದ ಹೊಸ ಸಿಮೆಂಟನ್ನು ಲೊಸಾನ್ನಿನ ಕರೆನ್ ಸ್ಕ್ರಿವನರ್ ಅವರೂ ಕ್ಯೂಬಾದ ಮತ್ತು ನಮ್ಮ ದೆಹಲಿ, ಮದರಾಸಿನ ಐಐಟಿಗಳ ಸಂಶೋಧಕರೂ ಕೂಡಿ ರೂಪಿಸಿದ್ದಾರೆ. ಅದು ಐವತ್ತು ವರ್ಷ ಕಳೆದ ಮೇಲೆ ಹೇಗಿರುವುದೆಂದು ಕಾದು ನೋಡಿ ಅನಂತರ ಬಳಸುವೆವೆಂದರೆ ಬಳಸುವ ಹೊತ್ತೇ ಮೀರಿರುತ್ತದೆ. ಅನುಮಾನವನ್ನೇ ನಂಬಿ ಹೆಜ್ಜೆಯಿಡಬೇಕಾಗಿದೆ, ಚಾರ್ವಾಕನು ನಕ್ಕರೂ ಸರಿಯೆ.

ನನ್ನ ತೀರ್ಪು ಇಷ್ಟು: ಸಾವಿರ ವರ್ಷವೆಂಬುದನ್ನು ಎಂಜಿನಿಯರನು ಜ್ಞಾನವೆಂದು ಹೇಳಿದರೆ ಅದು ಅತಿಶಯ, ಭಕ್ತನು ಸಂಕಲ್ಪವೆಂದು ಹೇಳಿದರೆ ಅದು ನ್ಯಾಯ, ಮತ್ತು ಆ ಸಂಕಲ್ಪವು ಎಂಜಿನಿಯರನ ಕೈಯಿಂದ ಅವಸರವನ್ನು ಬಿಡಿಸಿತಾದರೆ ಅದರಿಂದ ತರ್ಕಕ್ಕೂ ಉಪಕಾರವಾಯಿತು. ಇನ್ನು ನಮ್ಮಲ್ಲಿ ದೇವಾಲಯಗಳ ಜೀರ್ಣೋದ್ಧಾರಕ್ಕೆ ಹೊರಟಿರುವ ಸಮಿತಿಗಳವರಲ್ಲಿ ಒಂದು ವಿನಂತಿಯಿದೆ. ನಮ್ಮ ಶಾಸನಗಳು ದಾನಿಯ ಹೆಸರನ್ನೂ ಭೂಮಿಯ ಎಲ್ಲೆಯನ್ನೂ ದಾನ ಕೆಡಿಸಿದವನಿಗೆ ಬರುವ ಪಾಪವನ್ನೂ ವಿವರವಾಗಿ ಕೊರೆದಿವೆ. ನೀವು ಹಾಕಿಸುವ ಅಮೃತಶಿಲೆಯ ಫಲಕದಲ್ಲಿ ದಾನಿಗಳ ಪಟ್ಟಿಯ ಕೆಳಗೆ, ಯಾವ ಸಿಮೆಂಟು, ಯಾವ ಬೂದಿ, ಎಷ್ಟಕ್ಕೆ ಎಷ್ಟು ನೀರು ಎಂಬುದನ್ನೂ ಎರಡು ಸಾಲಿನಲ್ಲಿ ಬರೆಯಿಸಿರಿ. ಅದೇ ಕಲಸಿನ ನಾಲ್ಕು ದಿಮ್ಮಿಗಳನ್ನು ಎರೆದು ಪ್ರಾಕಾರದ ಮೂಲೆಯಲ್ಲಿ, ಮುಂದೆ ಬಂದು ಒಡೆದು ನೋಡುವವನಿಗಾಗಿ ಇರಿಸಿರಿ.