ಕಿಲುಬು ಎಲ್ಲಿಂದ ಬಂತು

ಜೀವ ಮೂಲದಲ್ಲಿ ಶುದ್ಧವೇ, ಕೊಳೆ ಆಮೇಲೆ ಅಂಟಿದ್ದೇ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ದರ್ಶನಕಾರರು ಲೋಹದ ಉದಾಹರಣೆ ಹುಡುಕಿಕೊಂಡು ಹೋಗಿದ್ದಾರೆ. ಜೈನರು ಕನಕೋಪಲದ ಮಾತು ಹೇಳುತ್ತಾರೆ. ಚಿನ್ನವೂ ಕಲ್ಲೂ ಅನಾದಿಯಿಂದ ಬೆರೆತೇ ಇರುತ್ತವೆ, ಜೀವವೂ ಕರ್ಮವೂ ಹಾಗೆಯೇ. ಪುಟಕ್ಕಿಟ್ಟರೆ ಚಿನ್ನ ಬೇರೆಯಾಗುತ್ತದೆ. ತಮಿಳುನಾಡಿನ ಶೈವ ಸಿದ್ಧಾಂತಿಗಳು ಹಿಡಿದದ್ದು ತಾಮ್ರವನ್ನು: ತಾಮ್ರಕ್ಕೆ ಕಿಲುಬು ಹೇಗೆ ಹುಟ್ಟಿನ ಜೊತೆಗಾರನೋ ಜೀವಕ್ಕೆ ಆಣವ ಮಲವೂ ಹಾಗೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಮಣ್ಣಿನ ಮುದ್ದೆಯನ್ನೂ ಚಿನ್ನದ ಗಟ್ಟಿಯನ್ನೂ ಉಗುರು ಕತ್ತರಿಸುವ ಕಬ್ಬಿಣವನ್ನೂ ಉದಾಹರಿಸುತ್ತಾನೆ. ಪರುಷ ಮುಟ್ಟಿ ಹೊನ್ನಾಗುವ ಕಬ್ಬಿಣವಂತೂ ಕನ್ನಡದ ಭಕ್ತಿ ಸಾಹಿತ್ಯದಲ್ಲಿ ಮನೆಮಾತು. ಈ ದರ್ಶನಗಳು ಒಂದಕ್ಕೊಂದು ಒಪ್ಪುವುದಿಲ್ಲ. ಆದರೂ ಇವುಗಳನ್ನು ಓದಿ ಬೆಳೆದ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಗಟ್ಟಿಯಾಗಿ ಕೂತಿದೆ: ಶುದ್ಧವಾದದ್ದು ತನ್ನಷ್ಟಕ್ಕೆ ತಾನು ಶುದ್ಧ, ಒಮ್ಮೆ ಕೊಳೆ ಕಳೆದರೆ ಅದು ಯಾರ ಹಂಗೂ ಇಲ್ಲದೆ ಹಾಗೆಯೇ ನಿಲ್ಲುತ್ತದೆ. ಈ ಚಿತ್ರವನ್ನು ಪ್ರೌಢಶಾಲೆಯ ರಸಾಯನಶಾಸ್ತ್ರದ ಪಕ್ಕದಲ್ಲಿಟ್ಟು ನೋಡಿದರೆ ಅದು ಉಳಿಯುವುದಿಲ್ಲ ಎಂದು ನನ್ನ ವಾದ. ಲೋಹ ಶುದ್ಧವಾಗಿರುವುದು ಅದಕ್ಕಾಗಿ ಇನ್ನೊಂದು ವಸ್ತು ಬೆಲೆ ತೆತ್ತಿರುವುದರಿಂದ. ಎಷ್ಟೋ ಸಲ ಇಂದಿಗೂ ತೆರುತ್ತಿರುವುದರಿಂದ.

ಮೊದಲೇ ಎದುರಾಗುವ ಆಕ್ಷೇಪ ಒಂದಿದೆ. ಉಪಮೆಯನ್ನು ಉಪಮೆಯಾಗಿ ಬಿಡಬೇಕು, ಆತ್ಮದ ವಿಚಾರದಲ್ಲಿ ಪ್ರಯೋಗಶಾಲೆಗೆ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ತಾಮ್ರದಿಂದ ಆತ್ಮದ ಬಗ್ಗೆ ಏನನ್ನೂ ಸಾಧಿಸಲಾಗದು, ನಿಜ. ಆದರೆ ನಮ್ಮ ತರ್ಕದ ಪರಂಪರೆಯಲ್ಲಿ ದೃಷ್ಟಾಂತವೆಂದರೆ ಬರಿಯ ಅಲಂಕಾರವಾಗಿರಲಿಲ್ಲ. ಸಾಮಾನ್ಯನಿಗೂ ಪರೀಕ್ಷಕನಿಗೂ ಯಾವುದರಲ್ಲಿ ಒಮ್ಮತವಿದೆಯೋ ಅದು ದೃಷ್ಟಾಂತ ಎಂಬುದು ನ್ಯಾಯಸೂತ್ರದ ನಿಲುವು. ಅನುಮಾನದ ಐದು ಅವಯವಗಳಲ್ಲಿ ಉದಾಹರಣೆಗೂ ಒಂದು ಸ್ಥಾನವಿದೆ. ಅಂದರೆ ಉದಾಹರಣೆ ಪರೀಕ್ಷೆಗೆ ನಿಲ್ಲಬೇಕು. ಪರೀಕ್ಷಕ ಇಂದು ತಾಮ್ರದ ಬಗ್ಗೆ ಹೆಚ್ಚು ತಿಳಿದುಕೊಂಡಿದ್ದರೆ, ತಾಮ್ರವನ್ನು ಸಾಕ್ಷಿಗೆ ಕರೆದವರು ಆ ಸಾಕ್ಷಿಯ ಪೂರ್ತಿ ಮಾತನ್ನು ಕೇಳಲೇಬೇಕು.

ಕನಕೋಪಲದಿಂದ ಶುರುಮಾಡೋಣ. ಚಿನ್ನದ ಮಟ್ಟಿಗೆ ಈ ದೃಷ್ಟಾಂತ ಸರಿಯಾಗಿಯೇ ಇದೆ. ಕೋಲಾರದ ಬೆಣಚುಕಲ್ಲಿನಲ್ಲಿ ಚಿನ್ನ ಬಹುಮಟ್ಟಿಗೆ ಚಿನ್ನವಾಗಿಯೇ ಕೂತಿರುತ್ತಿತ್ತು. ಕುಟ್ಟಿ, ತೊಳೆದು, ಬೇರ್ಪಡಿಸಬಹುದು. ಅದು ಮಿಶ್ರಣ. ಆದರೆ ಸಂಡೂರಿನ ಬೆಟ್ಟದಿಂದ ಒಂದು ಕೆಂಪು ಹೆಂಟೆ ತಂದು ನೋಡಿ. ಅದರಲ್ಲಿರುವ ಹೆಮಟೈಟ್ ಅಪ್ಪಟವಾಗಿದ್ದರೆ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ಕಬ್ಬಿಣವೇ. ಅದನ್ನು ಎಷ್ಟು ನುಣ್ಣಗೆ ಅರೆದರೂ, ಎಷ್ಟು ನೀರಿನಲ್ಲಿ ತೊಳೆದರೂ, ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ಒಂದು ಕಣ ಹೊಳೆಯುವ ಕಬ್ಬಿಣ ಸಿಗದು. ಒಳಗೆ ಶುದ್ಧ ಕಬ್ಬಿಣ ಕೂತು ಮೇಲೆ ಕೊಳೆ ಮೆತ್ತಿಕೊಂಡಿಲ್ಲ. ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಆಕ್ಸಿಜನ್ನಿಗೆ ಕೊಟ್ಟು ಅದರ ಜೊತೆ ಸಂಸಾರ ಹೂಡಿದೆ. ಆ ಸಂಸಾರಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಪ್ರಾಚೀನ ಕಡಲಿನಲ್ಲಿ ಕರಗಿದ್ದ ಕಬ್ಬಿಣ ಆಕ್ಸಿಜನ್ ಸೇರಿ ಪದರಪದರವಾಗಿ ತಳಕ್ಕಿಳಿದು ಇಂಥ ಬೆಟ್ಟಗಳಾಯಿತು. ಭೂಮಿಯ ಮೇಲ್ಪದರದಲ್ಲಿ ಕಬ್ಬಿಣ ಲೋಹವಾಗಿ ಸಿಗುವುದು ಅಪರೂಪ, ಹೆಚ್ಚಾಗಿ ಆಕಾಶದಿಂದ ಬಿದ್ದ ಉಲ್ಕೆಗಳಲ್ಲಿ. ಹಾಗಿದ್ದರೆ ಕಬ್ಬಿಣದ ಸಹಜ ಸ್ಥಿತಿ ಯಾವುದು? ಹೊಳೆಯುವ ಸಲಾಕೆಯೋ ಕೆಂಪು ಹೆಂಟೆಯೋ? ಮಳೆಗಾಲದಲ್ಲಿ ಹೊರಗೆ ಬಿಟ್ಟ ಗುದ್ದಲಿ ಕೆಲವೇ ದಿನಗಳಲ್ಲಿ ಉತ್ತರ ಹೇಳುತ್ತದೆ. ತುಕ್ಕು ಹಿಡಿಯುವುದನ್ನು ನಾವು ಕೆಡುವುದು ಎನ್ನುತ್ತೇವೆ. ಕಬ್ಬಿಣದ ಕಡೆಯಿಂದ ನೋಡಿದರೆ ಅದು ತವರಿಗೆ ಮರಳಿದಂತೆ.

ಆ ಸಂಸಾರವನ್ನು ಬಿಡಿಸಲು ಬೆಲೆ ತೆರಬೇಕು. ಊದುಕುಲುಮೆಯಲ್ಲಿ ಇಂಗಾಲ ಆ ಬೆಲೆ ಕೊಡುತ್ತದೆ: ಕಬ್ಬಿಣದ ಆಕ್ಸಿಜನ್ನನ್ನು ತಾನು ಹೊತ್ತು ಹೊಗೆಯಾಗಿ ಹೋಗುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗ ಅದಕ್ಕೆ ಹಾಕಿದ್ದು ಮಲೆನಾಡಿನ ಕಾಡಿನ ಇದ್ದಿಲು. ಒಂದು ಕಡೆ ಕಬ್ಬಿಣ ಶುದ್ಧವಾದಷ್ಟೂ ಇನ್ನೊಂದು ಕಡೆ ಮರ ಉರಿಯಿತು. ಅಲ್ಯುಮಿನಿಯಂ ಇನ್ನೂ ಬಿಗಿಯಾಗಿ ಆಕ್ಸಿಜನ್ನನ್ನು ಹಿಡಿದಿರುತ್ತದೆ, ಮಾಮೂಲು ಕುಲುಮೆಯ ಇಂಗಾಲಕ್ಕೆ ಬಗ್ಗುವುದಿಲ್ಲ. 1886ರಲ್ಲಿ ಹಾಲ್ ಮತ್ತು ಎರೂ ಬೇರೆಬೇರೆಯಾಗಿ ಕಂಡುಕೊಂಡ ದಾರಿಯಲ್ಲಿ, ಅಲ್ಯುಮಿನಾವನ್ನು ಕರಗಿದ ಕ್ರಯೋಲೈಟಿನಲ್ಲಿ ಬೆರೆಸಿ ಸುಮಾರು 950 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ವಿದ್ಯುತ್ ಹರಿಸಬೇಕು. ಒಂದು ಕಿಲೋ ಲೋಹಕ್ಕೆ 13ರಿಂದ 15 ಯೂನಿಟ್ ಕರೆಂಟು ಬೇಕು, ಇಂಗಾಲದ ಕಂಬಿಗಳೂ ಸವೆಯುತ್ತವೆ. ಅಡುಗೆಮನೆಯ ಒಂದು ಬೋಗುಣಿಯ ಹಿಂದೆ ಇಷ್ಟು ಖರ್ಚಿದೆ. ಲೋಹದ ಹೊಳಪನ್ನು ಅದರ ಸ್ವಂತ ಗುಣವೆಂದು ಹೊಗಳುವಾಗ ಈ ಲೆಕ್ಕವನ್ನು ಮರೆಯುವುದು ಅನ್ಯಾಯ.

ಸರಿ, ಲೋಹಕ್ಕೆ ತನ್ನದೇ ಸ್ವಭಾವ ಇಲ್ಲವೇ? ಕ್ರಿಯಾಶೀಲತೆಯ ಸರಣಿಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ: ಪೊಟ್ಯಾಸಿಯಂ, ಸೋಡಿಯಂ ಮೇಲೆ; ಸತು, ಕಬ್ಬಿಣ ನಡುವೆ; ಬೆಳ್ಳಿ, ಚಿನ್ನ ಕೆಳಗೆ. ಇದು ಒಂದೊಂದು ಲೋಹಕ್ಕೂ ಅಂಟಿಸಿದ ಹಣೆಬರಹದಂತೆ ಕಾಣುತ್ತದೆ. ಆದರೆ ಸರಳ ವಿದ್ಯುತ್ಕೋಶವೊಂದನ್ನು ಜೋಡಿಸಿದರೆ ಈ ಹಣೆಬರಹ ಬೇರೆಯದೇ ಆಗಿ ಓದಿಸಿಕೊಳ್ಳುತ್ತದೆ. 1836ರಲ್ಲಿ ಡೇನಿಯಲ್ ಮಾಡಿದ ಕೋಶದಲ್ಲಿ ಒಂದು ಕಡೆ ಸತು, ಇನ್ನೊಂದು ಕಡೆ ಮೈಲುತುತ್ತದ ದ್ರಾವಣದಲ್ಲಿ ನಿಂತ ತಾಮ್ರ. ಸತು ಎಲೆಕ್ಟ್ರಾನ್ ಕೊಟ್ಟು ಸವೆಯುತ್ತದೆ, ತಾಮ್ರದ ಕಡೆ ಅದನ್ನು ಪಡೆದು ದಪ್ಪವಾಗುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಇಲ್ಲಿ ತಾಮ್ರ ತೆಗೆದುಕೊಳ್ಳುವ ಪಕ್ಷ. ಅದೇ ತಾಮ್ರದ ತಂತಿಯನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲೇ ತಂತಿಯ ಮೈಮೇಲೆ ಬೂದು ತುಪ್ಪಳ ಮೂಡುತ್ತದೆ. ಅದು ಬೆಳೆದು ಬೆಳ್ಳಿಯ ಸೂಜಿಗಳಾಗಿ, ಜರೀಗಿಡದ ಎಲೆಯಂಥ ಕವಲುಗಳಾಗಿ ಹರಡುತ್ತದೆ. ನೀರಿನಂತೆ ತಿಳಿಯಾಗಿದ್ದ ದ್ರಾವಣಕ್ಕೆ ತೆಳು ನೀಲಿ ಬರುತ್ತದೆ. ಆ ನೀಲಿ ಕರಗಿದ ತಾಮ್ರದ್ದು. ಸತುವಿನೆದುರು ಪಡೆದ ತಾಮ್ರ ಬೆಳ್ಳಿಯೆದುರು ಕೊಡುತ್ತಿದೆ. ಅದು ಕೊಡುವ ಲೋಹವೋ ಪಡೆಯುವ ಲೋಹವೋ ಎಂಬ ಪ್ರಶ್ನೆಗೆ ಎದುರಿಗೆ ಯಾರಿದ್ದಾರೆ ಎಂದು ಹೇಳದೆ ಉತ್ತರವೇ ಇಲ್ಲ. ಸತುವಿಗೆ ಮೈನಸ್ 0.76 ವೋಲ್ಟ್, ತಾಮ್ರಕ್ಕೆ ಪ್ಲಸ್ 0.34 ಎಂದು ಪುಸ್ತಕದಲ್ಲಿ ಬರೆದಿರುವುದೂ ಒಂಟಿ ಲೋಹದ ಅಳತೆಗಳಲ್ಲ. ಒಂಟಿ ವಿದ್ಯುದಗ್ರದ ವೋಲ್ಟೇಜನ್ನು ಅಳೆಯುವ ಮೀಟರೇ ಇಲ್ಲ. ಮೀಟರಿಗೆ ಎರಡು ತುದಿ ಬೇಕು. ಹೈಡ್ರೋಜನ್ನಿಗೆ ಸೊನ್ನೆ ಎಂದು ಎಲ್ಲರೂ ಸೇರಿ ಒಪ್ಪಿಕೊಂಡು ಉಳಿದವನ್ನು ಅದಕ್ಕೆ ಹೋಲಿಸಿದ್ದೇವೆ, ಅಷ್ಟೆ. ಪರರನ್ನು ನೆಚ್ಚಿ ನಿಂತದ್ದನ್ನು ಸ್ವಭಾವ ಎನ್ನಲಾಗದು ಎಂದು ಮೂಲಮಧ್ಯಮಕಕಾರಿಕೆಯ ಹದಿನೈದನೇ ಪ್ರಕರಣದಲ್ಲಿ ನಾಗಾರ್ಜುನ ವಾದಿಸುತ್ತಾನೆ. ಅವನ ಎಲ್ಲ ತೀರ್ಮಾನಗಳನ್ನು ನಾನು ಒಪ್ಪಬೇಕಿಲ್ಲ. ಈ ಒಂದು ಮಾತಿಗೆ ಎರಡು ಬೀಕರುಗಳ ಪ್ರಯೋಗ ಬೆಂಬಲ ಕೊಡುತ್ತದೆ.

ಇದಕ್ಕೂ ಒಂದು ತಕರಾರು ಬರುತ್ತದೆ. ಸಂಬಂಧದಲ್ಲಿ ತೋರಿದರೂ ಕ್ರಮ ಬದಲಾಗುವುದಿಲ್ಲವಲ್ಲ, ಸತು ಯಾವತ್ತೂ ತಾಮ್ರಕ್ಕಿಂತ ಮೇಲೆ, ಚಿನ್ನ ಯಾವತ್ತೂ ಕೊನೆಯಲ್ಲಿ. ಅದೇ ಸ್ವಭಾವ ಎನ್ನಬಹುದು. ಆದರೆ ಆ ಪಟ್ಟಿ ನಿಂತಿರುವುದು ನಿರ್ದಿಷ್ಟ ದ್ರಾವಣ, ನಿರ್ದಿಷ್ಟ ಕಾವು, ನಿರ್ದಿಷ್ಟ ಸಾಂದ್ರತೆಯ ಮೇಲೆ. ಚಿನ್ನವನ್ನೇ ನೋಡಿ. ಗಾಳಿಗೂ ನೀರಿಗೂ ಹೆದರದ ಚಿನ್ನ, ನೀರಿಗೆ ಒಂದಿಷ್ಟು ಸಯನೈಡ್ ಬೆರೆಸಿದರೆ ಅದೇ ಸಾಧಾರಣ ಗಾಳಿಯ ಆಕ್ಸಿಜನ್ನಿಗೆ ಸೋತು ಕರಗುತ್ತದೆ. ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಇದನ್ನು ಉದ್ಯಮದ ವಿಧಾನವಾಗಿಸಿದರು. ಹಾಗೆ ಕರಗಿದ ಚಿನ್ನವನ್ನು ಮರಳಿ ಪಡೆಯುವುದು ಸತುವಿನ ಪುಡಿ ಹಾಕಿ. ಸತು ತಾನು ಕರಗುತ್ತದೆ, ಚಿನ್ನ ತಳಕ್ಕೆ ಬೀಳುತ್ತದೆ. ಶಾಲೆಯ ಬೀಕರಿನಲ್ಲಿ ತಾಮ್ರ ಬೆಳ್ಳಿಗಾಗಿ ಮಾಡಿದ ಕೆಲಸವೇ ಇದು. ಕೆಜಿಎಫ್‌ನಲ್ಲಿ ಇಂದಿಗೂ ಊರಿನ ನಡುವೆ ಬೋಳು ಗುಡ್ಡಗಳಂತೆ ನಿಂತಿರುವ ಸಯನೈಡ್ ದಿಬ್ಬಗಳು ಆ ವಿಧಾನದ ಉಳಿಕೆ. 2001ರಲ್ಲಿ ಗಣಿ ಮುಚ್ಚಿತು. ಬೇಸಿಗೆಯ ಗಾಳಿಗೆ ಆ ದಿಬ್ಬಗಳ ನಯವಾದ ಧೂಳು ಈಗಲೂ ಮನೆಗಳ ಮೇಲೆ ಬೀಳುತ್ತದೆ. ಗಣಿಯ ಯಂತ್ರಗಳಿಗೆ 1902ರಿಂದ ಶಿವನಸಮುದ್ರದ ಕಾವೇರಿ ಕರೆಂಟು ಕೊಟ್ಟಿತು, ಮೂರು ಕಿಲೋಮೀಟರಿಗೂ ಆಳದ ಬಿಸಿಯಲ್ಲಿ ಜನ ಬಂಡೆ ಒಡೆದರು. ಯಾರ ಹಂಗೂ ಇಲ್ಲದ ಲೋಹವೆಂದು ಹೆಸರಾದ ಚಿನ್ನದ ಶುದ್ಧತೆಗೂ ಇಷ್ಟು ಜನರ, ಇಷ್ಟು ವಸ್ತುಗಳ ಋಣವಿದೆ.

ಚಿನ್ನಕ್ಕೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. ಮನುಸ್ಮೃತಿಯ ಐದನೇ ಅಧ್ಯಾಯ ಪಾತ್ರೆಗಳ ಶುದ್ಧಿಯ ವಿಧಾನ ಹೇಳುವಾಗ, ಲೇಪವಿಲ್ಲದ ಚಿನ್ನದ ಪಾತ್ರೆಗೆ ನೀರೊಂದೇ ಸಾಕು ಎನ್ನುತ್ತದೆ. ತಾಮ್ರ, ಕಬ್ಬಿಣ, ಕಂಚು, ತವರ, ಸೀಸಗಳಿಗೆ ಕ್ಷಾರ, ಹುಳಿ, ನೀರು ಬೇಕು ಎನ್ನುತ್ತದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಚೊಕ್ಕವಾದ ಗಮನಿಕೆ. ಆಕ್ಸೈಡ್ ಕಟ್ಟದ ಲೋಹಕ್ಕೆ ನೀರು ಸಾಕು, ಆಕ್ಸೈಡ್ ಕಟ್ಟುವ ಲೋಹಕ್ಕೆ ಅದನ್ನು ಕರಗಿಸುವ ಹುಳಿ ಬೇಕು. ಹುಣಸೆಹಣ್ಣಿನಿಂದ ಬಿಂದಿಗೆ ಬೆಳಗುವ ಎಲ್ಲರಿಗೂ ಇದು ಗೊತ್ತು. ನನ್ನ ಜಗಳ ಈ ಗಮನಿಕೆಯ ಜೊತೆಗಲ್ಲ. ಪಾತ್ರೆಗಳ ಈ ಏಣಿಯಂಥದೇ ಏಣಿಯನ್ನು ನಾವು ಮನುಷ್ಯರಿಗೂ ಹಾಕಿದೆವು: ಕೆಲವರು ಹುಟ್ಟಿನಿಂದಲೇ ನೀರಿನಿಂದ ಶುದ್ಧಿಯಾಗುವವರು, ಕೆಲವರು ಎಷ್ಟು ಉಜ್ಜಿದರೂ ಕಳೆಯದ ಮೈಲಿಗೆಯವರು. ಮಡಿಯುಟ್ಟವರ ಮಡಿ ಉಳಿಯುವುದು ಬೇರೆ ಯಾರೋ ಸತ್ತ ದನ ಎತ್ತಿ, ಚರಂಡಿಗಿಳಿದು, ಬಟ್ಟೆ ಒಗೆದು ಕೊಡುವುದರಿಂದ ಎಂಬ ಲೆಕ್ಕವನ್ನು ಈ ಏಣಿ ಮುಚ್ಚಿಡುತ್ತದೆ. ಬೋಗುಣಿಯ ಹಿಂದಿನ ಕರೆಂಟನ್ನು ಮರೆಯುವುದಕ್ಕಿಂತ ಇದು ಬಹಳ ದೊಡ್ಡ ಅನ್ಯಾಯ.

ಶುದ್ಧವಾದದ್ದೇ ಬಾಳುತ್ತದೆ ಎಂಬುದೂ ಲೋಹಗಳ ವಿಷಯದಲ್ಲಿ ನಿಜವಲ್ಲ. ದೆಹಲಿಯ ಕಬ್ಬಿಣದ ಕಂಬ ಹದಿನಾರು ಶತಮಾನಗಳಷ್ಟು ಕಾಲ ನಿಂತದ್ದಕ್ಕೆ ಒಂದು ಮುಖ್ಯ ಕಾರಣ ಅದರ ಕಬ್ಬಿಣದಲ್ಲಿ ಉಳಿದುಹೋದ ರಂಜಕ. ಇಂದಿನ ಉಕ್ಕಿನ ಕಾರ್ಖಾನೆ ಕಲ್ಮಶವೆಂದು ತೆಗೆದುಹಾಕುವ ಆ ರಂಜಕವೇ ಕಂಬದ ಮೇಲೆ ಒಂದು ತೆಳು ರಕ್ಷಾಪದರ ಕಟ್ಟಲು ನೆರವಾಯಿತು. ಅಲ್ಯುಮಿನಿಯಂ ಸರಣಿಯಲ್ಲಿ ಸತುವಿಗಿಂತ ಮೇಲಿದ್ದರೂ ಬಾಳುತ್ತದೆ, ಗಾಳಿ ತಾಕಿದ ಕೂಡಲೆ ಮೈತುಂಬ ಆಕ್ಸೈಡ್ ಹೊದೆಯುವುದರಿಂದ. ಇನ್ನು ಜಿಂಕ್ ಶೀಟು. ಸತು ಬಳಿದ ಕಬ್ಬಿಣದ ತಗಡಿನ ಮೇಲೆ ಮೊಳೆಯಿಂದ ಗೀರಿದರೂ ಗೀರಿನಲ್ಲಿ ಬಯಲಾದ ಕಬ್ಬಿಣ ಕೂಡಲೇ ತುಕ್ಕು ಹಿಡಿಯುವುದಿಲ್ಲ. ಅಕ್ಕಪಕ್ಕದ ಸತು ಮೊದಲು ತಾನು ಕರಗಿ ಕಬ್ಬಿಣಕ್ಕೆ ಎಲೆಕ್ಟ್ರಾನ್ ಒದಗಿಸುತ್ತದೆ. ತವರ ಬಳಿದ ಡಬ್ಬಿಯಲ್ಲಿ ಇದಕ್ಕೆ ತಿರುಗುಮುರುಗು. ಹೊರಗೆ ಗೀರು ಬಿದ್ದ ಮೇಲೆ ತವರ ತಾನು ಹೊಳೆಯುತ್ತ ಉಳಿದು ಕಬ್ಬಿಣವನ್ನು ಇನ್ನೂ ಬೇಗ ಸವೆಸುತ್ತದೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಅದ್ವೈತಿಯದು. ಅದಿರಿನಲ್ಲೂ ಸಲಾಕೆಯಲ್ಲೂ ತುಕ್ಕಿನಲ್ಲೂ ನಮ್ಮ ರಕ್ತದಲ್ಲೂ ಕಬ್ಬಿಣದ ಪರಮಾಣು ಕಬ್ಬಿಣದ್ದೇ, ಅದರ ಬೀಜದಲ್ಲಿ 26 ಪ್ರೋಟಾನುಗಳು ಎಂದಿಗೂ ಕದಲುವುದಿಲ್ಲ. ಕೊಡುಕೊಳ್ಳುವಿಕೆಯೆಲ್ಲ ಹೊರಗಿನ ಎಲೆಕ್ಟ್ರಾನುಗಳ ಆಟ. ಆದ್ದರಿಂದ ವಿಕಾರಗಳ ಹಿಂದೆ ಅವಿಕಾರಿಯಾದ ಮೂಲವಿದೆ ಎಂದು ಅವರು ಹೇಳಬಹುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಉದ್ದಾಲಕನ ಉದಾಹರಣೆ ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಒಪ್ಪಿದ ಮೇಲೆ ಆಗುವುದೇನು? ಆ ಬೀಜ ಹೊಳೆಯುವ ಸಲಾಕೆಯಲ್ಲಿ ಎಷ್ಟು ಅಕ್ಷತವೋ ತುಕ್ಕಿನ ಪುಡಿಯಲ್ಲೂ ಅಷ್ಟೇ ಅಕ್ಷತ. ಮೂಲ ಬೇಕೆನ್ನುವವರು ತುಕ್ಕನ್ನು ಕೊಳೆಯೆನ್ನುವಂತಿಲ್ಲ, ಹೊಳಪನ್ನು ಮೂಲಕ್ಕೆ ಹತ್ತಿರ ಎನ್ನುವಂತಿಲ್ಲ. ಶುದ್ಧ-ಅಶುದ್ಧದ ಭೇದ ಆ ನೆಲೆಗೆ ತಲುಪುವುದೇ ಇಲ್ಲ. ಅದು ಎಲೆಕ್ಟ್ರಾನುಗಳ ನೆಲೆಯದು, ವ್ಯವಹಾರದ್ದು. ಅಲ್ಲಿ ಯಾವುದೂ ಒಂಟಿಯಲ್ಲ.

ಕೊನೆಗೆ ಶೈವ ಸಿದ್ಧಾಂತಿಯ ತಾಮ್ರ. ಕಿಲುಬು ತಾಮ್ರದ ಒಳಗೇ ಇತ್ತು ಎಂಬುದು ಸರಿಯಲ್ಲ. ತೇವವೂ ಗಾಳಿಯೂ ಇಲ್ಲದ ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟ ತಾಮ್ರ ಹಸಿರಾಗದು. ಹೊರಗಿನಿಂದ ಬಂದು ಕೂತಿತು ಎಂಬುದೂ ಸರಿಯಲ್ಲ. ಅದೇ ಗಾಳಿ ಚಿನ್ನದ ಮೇಲೆ ಹಸಿರು ಬಿಡದು. ಆ ಹಸಿರಿನಲ್ಲಿ ತಾಮ್ರವಿದೆ, ನೀರಿದೆ, ಗಾಳಿಯ ಆಕ್ಸಿಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಇವೆ. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಬಿಂದಿಗೆ ಕೆಂಪಗೆ ಬೆಳಗುತ್ತದೆ, ಬಚ್ಚಲಿಗೆ ಹರಿಯುವ ನೀರಿನಲ್ಲಿ ಕರಗಿದ ತಾಮ್ರ ಹೋಗುತ್ತದೆ. ಪ್ರತಿ ವಾರವೂ ಬೆಳಗಿದ ಬಿಂದಿಗೆ ಒಂದೆರಡು ತಲೆಮಾರಿನಲ್ಲಿ ತೆಳ್ಳಗಾಗುತ್ತದೆ. ಯಾರೂ ಉಜ್ಜದ ತಾಮ್ರದ ಮಾಡು ಮಾತ್ರ ತನ್ನ ಹಸಿರು ಹೊದಿಕೆಯಡಿ ಶತಮಾನ ಕಳೆಯುತ್ತದೆ.